ಹೊಸ ಜನಪದ ಕುಣಿತ ಕಲಿಯುವುದು ಹೇಗೆ? ಮೊದಲು ಜಾಗ, ಆಮೇಲೆ ಹೆಜ್ಜೆ

ನಿಮಗೆ ಒಂದು ಬಗೆಯ ಗುಂಪು ಕುಣಿತ ಚೆನ್ನಾಗಿ ಬರುತ್ತದೆ ಅಂತಿಟ್ಟುಕೊಳ್ಳಿ. ಗರ್ಬಾ ಇರಬಹುದು, ಕೋಲಾಟ ಇರಬಹುದು, ಸ್ಕಾಟ್ಲೆಂಡಿನ ಕೇಲಿ ಇರಬಹುದು. ಈಗ ಇನ್ನೊಂದನ್ನು ಕಲಿಯುವ ಆಸೆ. ಹೆಚ್ಚಿನವರು ಮೊದಲು ಮಾಡುವ ಕೆಲಸ ಏನು? ಯೂಟ್ಯೂಬ್ ತೆಗೆದು ಕುಣಿಯುವವರ ಕಾಲುಗಳನ್ನೇ ದಿಟ್ಟಿಸಿ ನೋಡುತ್ತಾ ಕೂರುವುದು. ಇದು ತಲೆಕೆಳಗಾದ ದಾರಿ ಅಂತ ನನ್ನ ಅಭಿಪ್ರಾಯ.

ಜನ ಸೇರಿ ಕುಣಿಯುವ ಕುಣಿತದಲ್ಲಿ ಹೆಜ್ಜೆ ತಪ್ಪಿದರೆ ಯಾರಿಗೂ ತೊಂದರೆ ಇಲ್ಲ. ಆದರೆ ನೀವು ಇರಬೇಕಾದ ಹೊತ್ತಿಗೆ ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ಇನ್ನೊಬ್ಬರ ಕೈ ಗಾಳಿಯಲ್ಲಿ ಉಳಿಯುತ್ತದೆ. ಅಷ್ಟೇ ವಿಷಯ. ಸುಮ್ನೆ ನಡೆದುಕೊಂಡೇ ಸರಿಯಾದ ಸಮಯಕ್ಕೆ ಸರಿಯಾದ ಕಡೆ ತಲುಪುವವರ ಜೊತೆ ಕುಣಿಯೋಕೆ ಎಲ್ಲರಿಗೂ ಇಷ್ಟ. ಕಾಲಿನ ಚಮತ್ಕಾರ ತೋರಿಸುತ್ತಾ ಅರ್ಧ ಸುತ್ತು ತಡವಾಗಿ ಬರುವವರನ್ನು ಕಂಡರೆ ಎಲ್ಲರಿಗೂ ಭಯ. ಹಾಗಾಗಿ ಇಲ್ಲಿ ಕಾಲಿನ ಮಾತು ಕೊನೆಯಲ್ಲೇ ಬರುತ್ತದೆ.

ಇನ್ನೊಂದು ಮಾತು. ವೇದಿಕೆಯ ಮೇಲೆ ವೇಷ ಹಾಕಿ ತೋರಿಸುವ ಜನಪದ ನೃತ್ಯದ ಬಗ್ಗೆ ನಾನು ಬರೆಯುತ್ತಿಲ್ಲ. ನೋಡುವವರೇ ಇಲ್ಲದ, ಬಂದವರೆಲ್ಲ ಕುಣಿಯುವ ಕುಣಿತದ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ.

ಹಂತ 1: ಮುಂದೇನು ಅಂತ ಯಾರು ಹೇಳುತ್ತಾರೆ?

ಹೊಸ ಕುಣಿತದ ಹೆಸರು ಕೇಳಿದ ತಕ್ಷಣ ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ಕುಣಿಯುವಾಗ ಮುಂದಿನ ಚಲನೆ ಏನು ಅಂತ ಗೊತ್ತಾಗುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ತಯಾರಿ ಮುಗಿದ ಹಾಗೆ.

ಮೊದಲನೆಯದು ವೃತ್ತ ಮತ್ತು ಸರಪಳಿಯ ಕುಣಿತಗಳು. ಸರ್ಬಿಯಾದ ಕೋಲೋ, ಗ್ರೀಸಿನ ಕಲಮತಿಯಾನೋಸ್, ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಆನ್ ದ್ರೋ, ಗುಜರಾತಿನ ಗರ್ಬಾ ಎಲ್ಲ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಒಂದು ಚಿಕ್ಕ ಹೆಜ್ಜೆಗಟ್ಟು ಮತ್ತೆ ಮತ್ತೆ ಬರುತ್ತದೆ. ಏನು ಮಾಡಬೇಕು ಅಂತ ಪಕ್ಕದವರನ್ನು ನೋಡಿ ತಿಳಿಯಬೇಕು, ಇಲ್ಲವೇ ಸಾಲಿನ ತುದಿಯಲ್ಲಿರುವ ಮುಂದಾಳನ್ನು ನೋಡಬೇಕು. ಜೋಡಿ ಹುಡುಕುವ ತಲೆಬಿಸಿ ಇಲ್ಲ. ಒಬ್ಬರೇ ಹೋಗಿ ಸೇರಿಕೊಳ್ಳಬಹುದು.

ಎರಡನೆಯದು ಸಾಲು ಮತ್ತು ಚೌಕದ ಕುಣಿತಗಳು. ಅಮೆರಿಕದ ಕಾಂಟ್ರಾ ಡ್ಯಾನ್ಸ್ ಮತ್ತು ಸ್ಕ್ವೇರ್ ಡ್ಯಾನ್ಸ್, ಇಂಗ್ಲಿಷ್ ಕಂಟ್ರಿ ಡ್ಯಾನ್ಸ್, ಸ್ಕಾಟಿಷ್ ಕಂಟ್ರಿ ಡ್ಯಾನ್ಸ್, ಐರಿಷ್ ಸೆಟ್ ಡ್ಯಾನ್ಸ್ ಇವೆಲ್ಲ ಹೀಗೆ. ಕಾಂಟ್ರಾದಂಥವುಗಳಲ್ಲಿ ಹೆಜ್ಜೆ ಬಹಳ ಸಲ ಬರೀ ನಡಿಗೆಯೇ. ಕಷ್ಟ ಇರುವುದು ದಾರಿಯಲ್ಲಿ: ಯಾರನ್ನು ದಾಟಬೇಕು, ಯಾರ ಕೈ ಹಿಡಿಯಬೇಕು, ಎಲ್ಲಿ ತಿರುಗಬೇಕು. ಕಾಂಟ್ರಾದಲ್ಲಿ ಇದನ್ನೆಲ್ಲ ಮೈಕ್ ಹಿಡಿದ ಕಾಲರ್ ಕೂಗಿ ಹೇಳುತ್ತಾರೆ. ಮೊದಲು ಸಂಗೀತ ಇಲ್ಲದೆ ಎಲ್ಲರನ್ನೂ ಒಮ್ಮೆ ನಡೆಸಿ ತೋರಿಸುತ್ತಾರೆ ಕೂಡ. ಸ್ಕಾಟಿಷ್ ಕಂಟ್ರಿ ಡ್ಯಾನ್ಸಿನ ದೊಡ್ಡ ಕೂಟಗಳಲ್ಲಿ ಹಾಗಲ್ಲ. ಅಲ್ಲಿ ಕುಣಿತದ ವಿವರವನ್ನು ಒಂದು ನಿಮಿಷದಲ್ಲಿ ಓದಿ ಹೇಳಿ ಸಂಗೀತ ಶುರು ಮಾಡಿಬಿಡುತ್ತಾರೆ. ಆಮೇಲೆ ನಿಮ್ಮ ನೆನಪೇ ಗತಿ. ಕಾಂಟ್ರಾ ಕುಣಿದು ಅಭ್ಯಾಸ ಇರುವವರು ಎಡವುವುದು ಇಲ್ಲೇ. ಕಾಲರ್ ದನಿಗೆ ಕಿವಿ ಕೊಟ್ಟು ರೂಢಿಯಾಗಿದ್ದ ತಲೆಗೆ ಒಮ್ಮೆಲೇ ಮೌನ ಎದುರಾಗುತ್ತದೆ.

ಮೂರನೆಯದು ಜೋಡಿ ಕುಣಿತಗಳು. ಸ್ವೀಡನ್ನಿನ ಪೋಲ್ಸ್ಕಾ ಮತ್ತು ಹಾಂಬೋ, ಹಂಗೇರಿಯ ಹಳ್ಳಿಗಳ ಜೋಡಿ ಕುಣಿತಗಳು ಈ ಪೈಕಿ. ಹಂಗೇರಿಯವುಗಳಲ್ಲಿ ಮುಂಚೆಯೇ ಗೊತ್ತುಮಾಡಿದ ಕ್ರಮವೇ ಇರುವುದಿಲ್ಲ. ಇರುವ ಹತ್ತಾರು ಚಲನೆಗಳನ್ನು ಆ ಕ್ಷಣಕ್ಕೆ ಹೊಂದುವಂತೆ ಜೋಡಿಸಿಕೊಂಡು ಕುಣಿಯುತ್ತಾರೆ. ಸುಳಿವು ಬರುವುದು ಎದುರಿನವರ ಕೈ ಮತ್ತು ಭುಜದಿಂದ. ಮೂರರಲ್ಲಿ ಇದಕ್ಕೇ ಹೆಚ್ಚು ಕಾಲ ಬೇಕು. ಮೊದಲ ಸಂಜೆಯೇ ಖುಷಿ ಬೇಕು ಅನ್ನುವವರು ಸರಪಳಿ ಕುಣಿತದಿಂದಲೋ ಕಾಂಟ್ರಾ, ಕೇಲಿಯಂಥ ಕೂಗಿ ಹೇಳುವ ಕುಣಿತದಿಂದಲೋ ಶುರು ಮಾಡಿ.

ಹಂತ 2: ಕಾಲಿಗಿಂತ ಮೊದಲು ಕಿವಿ

ಹೋಗುವ ಒಂದು ವಾರ ಮೊದಲಿನಿಂದ ಆ ಕುಣಿತದ ಸಂಗೀತ ಕೇಳಿ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ಎಲ್ಲಾದರೂ ಸರಿ. ಸುಮ್ನೆ ಕೇಳಿದರೆ ಸಾಲದು, ಎಣಿಸಬೇಕು.

ಕಾಂಟ್ರಾದ ರೀಲ್ ಮತ್ತು ಜಿಗ್ ಧಾಟಿಗಳು ಹೆಚ್ಚಾಗಿ ಒಂದೇ ಅಚ್ಚಿನಲ್ಲಿ ಇರುತ್ತವೆ. ಧಾಟಿಯ ಮೊದಲ ಭಾಗ ಎರಡು ಸಲ, ಎರಡನೇ ಭಾಗ ಎರಡು ಸಲ. ಒಂದೊಂದು ಸಲಕ್ಕೂ 16 ಹೆಜ್ಜೆ. ಒಟ್ಟು 64 ಹೆಜ್ಜೆಗೆ ಒಂದು ಸುತ್ತು ಮುಗಿಯುತ್ತದೆ, ಕುಣಿತವೂ ಅಷ್ಟಕ್ಕೇ ಮುಗಿದು ಮತ್ತೆ ಮೊದಲಿಂದ ಶುರುವಾಗುತ್ತದೆ. ಪ್ರತಿ ಚಲನೆಗೆ ಸಾಮಾನ್ಯವಾಗಿ 8 ಹೆಜ್ಜೆ, ಇಲ್ಲವೇ 16. ನಿಮ್ಮ ಕಿವಿಗೆ ಈ ಎಂಟರ ಗಡಿ ಕೇಳಿಸತೊಡಗಿದರೆ ಕಾಲರ್ ಹೇಳಿದ್ದು ಅರ್ಧ ಕೇಳಿಸದಿದ್ದರೂ ಯಾವಾಗ ಬದಲಾಯಿಸಬೇಕು ಅಂತ ತಿಳಿಯುತ್ತದೆ. ಸ್ಕಾಟಿಷ್, ಇಂಗ್ಲಿಷ್ ಕಂಟ್ರಿ ಡ್ಯಾನ್ಸುಗಳಲ್ಲೂ ಎಂಟರ ಲೆಕ್ಕವೇ ಹೆಚ್ಚು. ಆದರೆ ಸ್ಕಾಟಿಷ್‌ನಲ್ಲಿ ಸ್ಟ್ರಾತ್‌ಸ್ಪೇ ಅನ್ನುವ ನಿಧಾನದ ಧಾಟಿಯೂ ಇದೆ. ನಿಧಾನ ಅಂದ ಮಾತ್ರಕ್ಕೆ ಸುಲಭ ಅಂದುಕೊಳ್ಳಬೇಡಿ. ತೊಡೆಗಳು ಮಾರನೇ ದಿನ ಮಾತಾಡುತ್ತವೆ.

ಗ್ರೀಸ್, ಸರ್ಬಿಯಾ, ಬಲ್ಗೇರಿಯಾ ಇರುವ ಬಾಲ್ಕನ್ ಕಡೆಯ ಸಂಗೀತ ಬೇರೆಯೇ ಲೋಕ. ಕಲಮತಿಯಾನೋಸ್ ಏಳರ ತಾಳ. ಪಾಶ್ಚಾತ್ಯ ಸಂಗೀತ ಮಾತ್ರ ಕೇಳಿದವರು ಇದನ್ನು ಕೇಳಿ ಕಕ್ಕಾಬಿಕ್ಕಿಯಾಗುತ್ತಾರೆ. ಆದರೆ ನಮಗೆ ‘ತಕಿಟ ತಕ ದಿಮಿ’ ಕೇಳಿ ಗೊತ್ತಲ್ವಾ? ಅದೇ ಇದು: ಮೂರು, ಎರಡು, ಎರಡು. ಒಂದು ಉದ್ದ ಹೆಜ್ಜೆ, ಎರಡು ಗಿಡ್ಡ ಹೆಜ್ಜೆ. ಇಂಥ 12 ಹೆಜ್ಜೆಗಳಿಗೆ ಒಂದು ಆವರ್ತ. ಬಲ್ಗೇರಿಯಾದ ರಾಚೆನಿತ್ಸಾ ಕೂಡ ಏಳೇ, ಆದರೆ ಉದ್ದದ್ದು ಕೊನೆಯಲ್ಲಿ: ‘ತಕ ದಿಮಿ ತಕಿಟ’. ಒಂದರ ಅಭ್ಯಾಸದಲ್ಲಿ ಇನ್ನೊಂದಕ್ಕೆ ಹೋದರೆ ಕಾಲು ಮುಂಚೆಯೇ ಇಳಿದುಬಿಡುತ್ತದೆ. ಮನೆಯಲ್ಲಿ ಬಾಯಲ್ಲಿ ಸೊಲ್ಕಟ್ಟು ಹೇಳುತ್ತಾ ತೊಡೆ ತಟ್ಟಿ. ಬಾಯಿಗೆ ಬಂದದ್ದು ಕಾಲಿಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.

ವಾದ್ಯವೇ ಇಲ್ಲದ ಕುಣಿತಗಳೂ ಇವೆ. ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಲ್ಲಿ ಜನ ಕೈಕೈ ಹಿಡಿದು, ಉದ್ದುದ್ದ ಕಥನಗೀತೆಗಳನ್ನು ತಾವೇ ಹಾಡುತ್ತಾ, ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ ಇಡುತ್ತಾ ಸಾಗುತ್ತಾರೆ. ಹೆಜ್ಜೆ ಇಷ್ಟೇ. ಐದು ನಿಮಿಷಕ್ಕೆ ಬರುತ್ತದೆ. ಆದರೆ ಪಲ್ಲವಿಗೆ ದನಿ ಸೇರಿಸದಿದ್ದರೆ ನೀವು ಅಲ್ಲಿ ಅರ್ಧ ಮಾತ್ರ ಇದ್ದೀರಿ ಅಂತ ಅರ್ಥ. ಹಾಡಿನ ಭಾಷೆ ಬರದಿದ್ದರೂ ಮರುಕಳಿಸುವ ಸಾಲನ್ನು ಬಾಯಿಗೆ ತಂದುಕೊಳ್ಳಿ.

ಹಂತ 3: ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಹೊಸಬರಿಗೆ ಜಾಗ ಇರುವ ಕೂಟ ಹುಡುಕಿ. 1972ರಲ್ಲಿ ಬುಡಾಪೆಸ್ಟ್‌ನಲ್ಲಿ ಶುರುವಾದ ಟಾನ್ಸ್‌ಹಾಜ್, ಅಂದರೆ ಕುಣಿತದ ಮನೆ, ಇದಕ್ಕೊಂದು ಒಳ್ಳೆಯ ಮಾದರಿ. ಹಳ್ಳಿಗಳಿಂದ ಕಲಿತುಬಂದ ಕುಣಿತವನ್ನು ವೇದಿಕೆಗೆ ಏರಿಸದೆ, ಪೇಟೆಯ ಹುಡುಗ ಹುಡುಗಿಯರಿಗೆ ಅಲ್ಲೇ ಕಲಿಸಿ ಅಲ್ಲೇ ಕುಣಿಸಿದರು. ಈ ಕ್ರಮವನ್ನು 2011ರಲ್ಲಿ ಯುನೆಸ್ಕೋ ಪರಂಪರೆ ಉಳಿಸುವ ಒಳ್ಳೆಯ ಪದ್ಧತಿಗಳ ಪಟ್ಟಿಗೆ ಸೇರಿಸಿತು. ಇವತ್ತಿಗೂ ಬಹಳ ಕಡೆ ಕ್ರಮ ಇದೇ: ಮೊದಲು ಅರ್ಧ ಗಂಟೆಯೋ ಒಂದು ಗಂಟೆಯೋ ಪಾಠ, ಆಮೇಲೆ ಕುಣಿತ.

ಬ್ರಿಟನಿಯ ಫೆಸ್ಟ್-ನೋಜ್ ಅನ್ನುವ ರಾತ್ರಿ ಕೂಟಗಳಲ್ಲಿ ಪಾಠ ಇರಲೇಬೇಕು ಅಂತೇನಿಲ್ಲ. ಸಾಲಿಗೆ ಸೇರಿ, ಪಕ್ಕದವರ ಕಿರುಬೆರಳಿಗೆ ಕಿರುಬೆರಳು ಕೊಟ್ಟು, ಕುಣಿಯುತ್ತಲೇ ಕಲಿಯುವುದು ಅಲ್ಲಿನ ರೂಢಿ. ಎರಡೂ ಸರಿ. ನಿಮಗೆ ಯಾವುದು ಒಗ್ಗುತ್ತದೆ ಅಂತ ನೀವೇ ನೋಡಿಕೊಳ್ಳಿ.

ನಡೆಸುವವರಿಗೆ ಮೊದಲೇ ಒಂದು ಮೆಸೇಜ್ ಹಾಕಿ. ಹೊಸಬರಿಗೆ ಪಾಠ ಇದೆಯಾ, ಎಷ್ಟು ಹೊತ್ತಿಗೆ? ಜೋಡಿ ಕರೆದುಕೊಂಡೇ ಬರಬೇಕಾ? ನೆಲ ಎಂಥದು, ಕಾಲಿಗೆ ಏನು ಹಾಕಬಹುದು? ಇಷ್ಟು ಕೇಳಿದರೆ ಸಾಕು. ‘ನನಗೆ ಏನೂ ಬರಲ್ಲ, ಬರಬಹುದಾ?’ ಅಂತ ಕೇಳುವ ಅಗತ್ಯವೇ ಇಲ್ಲ. ಬರಬಹುದು ಅಂತಲೇ ಹೇಳುತ್ತಾರೆ, ಅದರಿಂದ ನಿಮಗೆ ಏನೂ ಹೊಸದು ತಿಳಿಯುವುದಿಲ್ಲ.

ಕೂಟದ ಹಿಂದೆ ಪೂಜೆಯೋ ಹರಕೆಯೋ ಇದೆಯಾ ಅಂತ ಮಾತ್ರ ತಿಳಿದುಕೊಂಡಿರಿ. ಗರ್ಬಾ ನಡುವೆ ದೀಪವಿಟ್ಟ ಮಡಕೆಯೋ ದೇವಿಯ ಪ್ರತಿಮೆಯೋ ಇದ್ದು, ಸುತ್ತಲೂ ಜನ ಕುಣಿಯುತ್ತಾರೆ. ಅಂಥ ಕಡೆ ಚಪ್ಪಲಿ ಹೊರಗೆ ಬಿಡುವುದು, ನಡುವೆ ಹಾದು ಅಡ್ಡ ದಾಟದಿರುವುದು ಮರ್ಯಾದೆ. ವಿಡಿಯೋ ತೆಗೆಯುವ ಮುಂಚೆ ಎಲ್ಲಿ ಹೋದರೂ ಕೇಳಿ.

ಹಂತ 4: ಮೈಮೇಲೆ ಏನಿರಬೇಕು

ಶೂ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಉಳಿದದ್ದೆಲ್ಲ ನಿಮಗೆ ಗೊತ್ತಿರುವುದೇ.

ಓಡುವ ಶೂಗಳ ರಬ್ಬರ್ ಅಡಿ ನೆಲವನ್ನು ಕಚ್ಚಿ ಹಿಡಿಯುತ್ತದೆ. ತಿರುಗುವಾಗ ಪಾದ ನಿಂತಲ್ಲೇ ನಿಂತು ಮಂಡಿ ಮಾತ್ರ ತಿರುಚುತ್ತದೆ. ಒಂದು ಸಂಜೆಗೆ ಏನೂ ಆಗದಿರಬಹುದು, ಆದರೆ ಮಂಡಿ ನೋವು ಇರುವವರು ಈ ಶೂ ಹಾಕಲೇಬೇಡಿ. ಚರ್ಮದ ಅಡಿಯ, ಹಿಮ್ಮಡಿ ಎತ್ತರ ಇಲ್ಲದ, ಕಾಲಿಗೆ ಬಿಗಿಯಾಗಿ ಕೂರುವ ಹಳೇ ಶೂ ಇದ್ದರೆ ಅದೇ ಸಾಕು. ಸ್ಕಾಟಿಷ್ ಕಂಟ್ರಿ ಡ್ಯಾನ್ಸಿನವರು ಗಿಲ್ಲಿ ಅನ್ನುವ ಮೆತ್ತನೆಯ ಲೇಸ್ ಶೂ ಹಾಕುತ್ತಾರೆ. ಮೊದಲ ದಿನವೇ ಅದನ್ನು ಕೊಂಡುಕೊಳ್ಳಬೇಡಿ. ಮುಂದೆ ಹೋಗುತ್ತೀರೋ ಇಲ್ಲವೋ ಮೊದಲು ಗೊತ್ತಾಗಲಿ. ಬಹಳ ಕೂಟಗಳಲ್ಲಿ ರಸ್ತೆಯಲ್ಲಿ ಓಡಾಡಿದ ಶೂ ಹಾಕಿ ಕುಣಿಯಲು ಬಿಡುವುದಿಲ್ಲ. ಮರದ ನೆಲಕ್ಕೆ ಮರಳಿನ ಕಣ ಶತ್ರು. ಶೂ ಚೀಲದಲ್ಲಿ ತಂದು ಅಲ್ಲೇ ಹಾಕಿಕೊಳ್ಳಿ.

ಬೆವರು ಖಂಡಿತ. ಒಂದು ಬದಲಿ ಅಂಗಿ, ಒಂದು ಟವೆಲ್, ನೀರು ಇಟ್ಟುಕೊಳ್ಳಿ. ಚೂಪಾದ ಉಂಗುರ, ದೊಡ್ಡ ವಾಚು, ಸಡಿಲವಾದ ದುಪಟ್ಟಾ ತೆಗೆದಿಡಿ. ಘಾಟು ಸೆಂಟ್ ಬೇಡ. ಒಂದು ಸಂಜೆಯಲ್ಲಿ ಹತ್ತಾರು ಜನರ ಮೂಗಿನ ಹತ್ತಿರ ಹಾದುಹೋಗುತ್ತೀರಿ.

ಹಂತ 5: ಬೇಗ ಹೋಗಿ, ಜಾಗ ನೋಡಿ ನಿಲ್ಲಿ

ಕೂಟ ಶುರುವಾಗುವ ಮುಂಚೆಯೇ ಹೋಗಿ. ಹೆಚ್ಚಿನ ಕಡೆ ಸುಲಭದ ಕುಣಿತಗಳನ್ನು ಮೊದಲೇ ಇಡುತ್ತಾರೆ. ತಡವಾಗಿ ಹೋದರೆ ಕಷ್ಟದ್ದೇ ಮೊದಲು ಸಿಗುತ್ತದೆ.

ಎಲ್ಲಿ ನಿಲ್ಲುತ್ತೀರಿ ಅನ್ನುವುದು ಒಂದೊಂದು ಕುಣಿತಕ್ಕೆ ಒಂದೊಂದು ಬಗೆ. ಬಾಲ್ಕನ್ ಸರಪಳಿಗಳಲ್ಲಿ ಮುಂದಾಳು ಸಾಮಾನ್ಯವಾಗಿ ಬಲ ತುದಿಯಲ್ಲಿ ಇರುತ್ತಾರೆ, ಸಾಲು ಬಲಕ್ಕೆ ಸಾಗುತ್ತದೆ. ಅವರ ಮುಂದೆ ಹೋಗಿ ಸೇರಿಕೊಳ್ಳುವುದು ದೊಡ್ಡ ತಪ್ಪು. ಕೈಕೈ ಹಿಡಿದು ನಿಂತ ಇಬ್ಬರು ಗೆಳೆಯರ ನಡುವೆ ನುಗ್ಗುವುದೂ ಚೆನ್ನಾಗಿರುವುದಿಲ್ಲ. ಬಾಲದ ಕಡೆ ಹೋಗಿ ಸೇರಿ. ಹೆಜ್ಜೆ ಇನ್ನೂ ಬಂದಿಲ್ಲ ಅಂದರೆ ಸಾಲಿನ ಹಿಂದೆ ಬಿಡಿಯಾಗಿ ನಿಂತು, ಎದುರಿನವರ ಕಾಲು ನೋಡಿ ಅಭ್ಯಾಸ ಮಾಡಿ. ಇದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಬ್ರಿಟನಿಯ ಸಾಲುಗಳು ಎಡಕ್ಕೆ ಸಾಗುತ್ತವೆ, ಫಾರೋ ಸಾಲೂ ಎಡಕ್ಕೇ. ಬಾಲ್ಕನ್‌ನಿಂದ ಅಲ್ಲಿಗೆ ಹೋದವರು ಮೊದಲ ಹೆಜ್ಜೆಯಲ್ಲೇ ಪಕ್ಕದವರಿಗೆ ಡಿಕ್ಕಿ ಹೊಡೆಯುತ್ತಾರೆ. ಯಾವ ಕಡೆ ಸಾಗುತ್ತದೆ ಅಂತ ನೋಡಿಕೊಂಡೇ ಕೈ ಕೊಡಿ.

ಸ್ಕಾಟಿಷ್ ಕಂಟ್ರಿ ಡ್ಯಾನ್ಸಿನಲ್ಲಿ ನಾಲ್ಕು ಜೋಡಿಗಳ ಸೆಟ್ ಸಾಮಾನ್ಯ. ಮೊದಲ ಜೋಡಿ ಶುರು ಮಾಡುತ್ತದೆ, ಆಮೇಲೆ ಎರಡನೆಯದಕ್ಕೆ ಸರದಿ. ಹೊಸಬರು ಮೂರನೇ ಜೋಡಿಯಾಗಿ ನಿಂತರೆ ತಮ್ಮ ಸರದಿ ಬರುವಷ್ಟರಲ್ಲಿ ಇಡೀ ಕುಣಿತವನ್ನು ಹಲವು ಸಲ ಹತ್ತಿರದಿಂದ ನೋಡಿರುತ್ತಾರೆ. ಕಾಂಟ್ರಾದಲ್ಲಿ ಹಾಗೆ ಕಾಯುವುದಿಲ್ಲ, ಎಲ್ಲರೂ ಒಟ್ಟಿಗೇ ಕುಣಿಯುತ್ತಾರೆ. ಅಲ್ಲಿ ಸಾಲಿನ ಎರಡೂ ತುದಿ ಬಿಟ್ಟು ನಡುವೆ ನಿಲ್ಲಿ. ತುದಿಗೆ ತಲುಪಿದ ಜೋಡಿ ಒಂದು ಸುತ್ತು ಸುಮ್ಮನೆ ನಿಂತು, ಅದಲು ಬದಲಾಗಿ, ಮತ್ತೆ ಒಳಗೆ ಬರಬೇಕು. ಆ ಗಲಿಬಿಲಿ ಮೊದಲ ಕುಣಿತಕ್ಕೆ ಬೇಡ.

ಜೋಡಿ ಆಯ್ಕೆಯ ಬಗ್ಗೆ ನನ್ನ ಕಟ್ಟುನಿಟ್ಟಿನ ಸಲಹೆ: ಜೊತೆಗೆ ಬಂದ ಹೊಸಬರ ಜೊತೆ ಮೊದಲ ಕುಣಿತ ಕುಣಿಯಬೇಡಿ. ಇಬ್ಬರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಮುಳುಗುತ್ತೀರಿ. ಅನುಭವ ಇರುವವರ ಹತ್ತಿರ ಹೋಗಿ, ‘ನಾನು ಹೊಸಬ, ಈ ಕುಣಿತಕ್ಕೆ ನನ್ನ ಜೊತೆ ಬರ್ತೀರಾ?’ ಅಂತ ಕೇಳಿ. ಕಾಂಟ್ರಾದಂಥ ಕೂಟಗಳಲ್ಲಿ ಯಾರು ಯಾರನ್ನು ಬೇಕಾದರೂ ಕೇಳಬಹುದು, ಗಂಡು ಹೆಣ್ಣು ಅನ್ನುವ ಲೆಕ್ಕ ಇಲ್ಲ. ಬಹಳ ಕಡೆ ಪಾತ್ರಗಳಿಗೆ ಹಕ್ಕಿಗಳ ಹೆಸರಿದೆ: ಜೋಡಿಯಲ್ಲಿ ಎಡಗಡೆ ನಿಲ್ಲುವವರು ಲಾರ್ಕ್, ಬಲಗಡೆ ನಿಲ್ಲುವವರು ರಾಬಿನ್. ಕುಣಿತ ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ, ಮುಂದಿನದಕ್ಕೆ ಬೇರೆಯವರನ್ನು ಕೇಳಿ. ಯಾರಾದರೂ ಬೇಡ ಅಂದರೆ ಕಾರಣ ಕೇಳಬೇಡಿ. ನಿಮಗೂ ಬೇಡ ಅನ್ನುವ ಹಕ್ಕಿದೆ.

ಹಂತ 6: ಒಂದು ಕಾಂಟ್ರಾ ಕುಣಿತ, ಹತ್ತಿರದಿಂದ

ಇದೊಂದನ್ನು ಮನೆಯಲ್ಲೇ ನಾಲ್ಕು ಲೋಟ ಇಟ್ಟು ನಡೆಸಿ ನೋಡಬಹುದು. ಎರಡು ಉದ್ದ ಸಾಲು ಎದುರುಬದುರು. ಸಾಲಿನ ಉದ್ದಕ್ಕೂ ಎರಡೆರಡು ಜೋಡಿಯ, ಅಂದರೆ ನಾಲ್ಕು ಜನರ ಚಿಕ್ಕ ಗುಂಪುಗಳು. ಒಂದು ಜೋಡಿ ಬ್ಯಾಂಡಿಗೆ ಬೆನ್ನು ಹಾಕಿ, ಇನ್ನೊಂದು ಬ್ಯಾಂಡಿಗೆ ಮುಖ ಮಾಡಿ ನಿಂತಿರುತ್ತದೆ. ಎರಡೂ ಜೋಡಿಯಲ್ಲಿ ಲಾರ್ಕ್ ಎಡಕ್ಕೆ, ರಾಬಿನ್ ಬಲಕ್ಕೆ. ನಿಮ್ಮ ಎದುರಿಗೇ ನಿಂತವರು ನಿಮ್ಮ ‘ನೆರೆಯವರು’.

ಮೊದಲ 16 ಹೆಜ್ಜೆ: ನೆರೆಯವರ ಕೈ ಹಿಡಿದು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತೂಗಿ, ಆಮೇಲೆ ಸ್ವಿಂಗ್, ಅಂದರೆ ಇಬ್ಬರೂ ಸೇರಿ ಗಿರಗಿರ ಸುತ್ತುವುದು. ಮುಗಿಯುವಾಗ ರಾಬಿನ್ ಲಾರ್ಕಿನ ಬಲಕ್ಕೆ ಇದ್ದು, ಇಬ್ಬರೂ ಎದುರು ಸಾಲಿನ ಕಡೆ ಮುಖ ಮಾಡಿರಬೇಕು.

ಮುಂದಿನ 8: ಇಡೀ ಸಾಲು ಕೈಹಿಡಿದು ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ.

ಮುಂದಿನ 8: ಇಬ್ಬರು ರಾಬಿನ್‌ಗಳು ಬಲಗೈ ಕೊಟ್ಟು ಎಳೆದುಕೊಂಡು ದಾಟಿ, ಎದುರು ಕಡೆಯ ಲಾರ್ಕಿಗೆ ಎಡಗೈ ಕೊಡುತ್ತಾರೆ. ಅವರು ಬಳಸಿ ತಿರುಗಿಸಿ ನಿಲ್ಲಿಸುತ್ತಾರೆ. ಈಗ ಪ್ರತಿಯೊಬ್ಬರ ಪಕ್ಕದಲ್ಲೂ ತಮ್ಮದೇ ಜೋಡಿ ಇರುತ್ತದೆ.

ಮುಂದಿನ 16: ಜೋಡಿಯ ಜೊತೆ ತೂಗು, ಸ್ವಿಂಗ್.

ಮುಂದಿನ 8: ನಾಲ್ವರೂ ಕೈಹಿಡಿದು ಎಡಕ್ಕೆ ಮುಕ್ಕಾಲು ಸುತ್ತು.

ಕೊನೆಯ 8: ನಾಲ್ವರೂ ಉಂಗುರದಲ್ಲೇ ಒಳಕ್ಕೊಮ್ಮೆ ಹೊರಕ್ಕೊಮ್ಮೆ ತೂಗಿ, ಕೈಬಿಟ್ಟು, ಎದುರಿನ ಜೋಡಿಯನ್ನು ದಾಟಿ ಹೋಗಿ. ಅಲ್ಲಿ ಹೊಸ ನೆರೆಯವರು ಕಾಯುತ್ತಿರುತ್ತಾರೆ.

ಕೂಡಿಸಿ ನೋಡಿ, 64. ಮತ್ತೆ ಮೊದಲಿಂದ, ಹೊಸ ಜನರ ಜೊತೆ. ಹೀಗೆ ಒಂದು ಕುಣಿತ ಮುಗಿಯುವಷ್ಟರಲ್ಲಿ ಸಾಲಿನ ಬಹುತೇಕ ಎಲ್ಲರ ಕೈ ಹಿಡಿದಿರುತ್ತೀರಿ. ಹೊಸಬರಿಗೆ ಇದೇ ದೊಡ್ಡ ಅನುಕೂಲ. ಒಬ್ಬರ ಜೊತೆ ಹದಗೆಟ್ಟರೂ ಅರ್ಧ ನಿಮಿಷದಲ್ಲಿ ಹೊಸ ಅವಕಾಶ ಸಿಗುತ್ತದೆ. ಮುಕ್ಕಾಲು ಸುತ್ತಿನ ಕಡೆ ಮಾತ್ರ ಹುಷಾರಾಗಿರಿ. ಪೂರ್ತಿ ಸುತ್ತಿಬಿಟ್ಟರೆ ದಾಟಬೇಕಾದ ಜೋಡಿಯೇ ಎದುರಿಗೆ ಇರುವುದಿಲ್ಲ.

ಸ್ವಿಂಗ್ ಬಗ್ಗೆ ಇನ್ನಷ್ಟು ಹೇಳಲೇಬೇಕು. ತಲೆ ತಿರುಗಿ ಹೊರಗೆ ಹೋಗಿ ಕೂರುವ ಹೊಸಬರು ಎಲ್ಲ ಕಡೆಯೂ ಸಿಗುತ್ತಾರೆ. ಇಬ್ಬರೂ ಸ್ವಲ್ಪ ಎಡಕ್ಕೆ ಸರಿದು ನಿಂತು, ಬಲಪಾದಗಳ ಹೊರ ಅಂಚು ಅಕ್ಕಪಕ್ಕ ಬರುವ ಹಾಗೆ ಇಡಿ. ಬಲಗಾಲು ಸುಮಾರಾಗಿ ನಡುವೆಯೇ ಇರಲಿ, ಎಡಗಾಲು ಹಿಂದಿನಿಂದ ತಳ್ಳಲಿ, ಮಕ್ಕಳು ಕಾಲಲ್ಲಿ ಒದ್ದು ಓಡಿಸುವ ಸ್ಕೂಟರಿನ ಹಾಗೆ. ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಸೊಂಟದಿಂದ ಮೇಲೆ ಬೆನ್ನು ನೆಟ್ಟಗಿದ್ದು ಮೈಭಾರ ಸ್ವಲ್ಪ ಹಿಂದಕ್ಕೆ ಬಿಡಿ. ಎದುರಿನವರೂ ಅಷ್ಟೇ ಬಿಡುತ್ತಾರೆ. ಈ ಎರಡು ಭಾರ ಸಮವಾದ ಕ್ಷಣ ಸುತ್ತು ತಾನಾಗೇ ಹಗುರವಾಗುತ್ತದೆ. ತೋಳಿನ ಬಲದಿಂದ ಎಳೆಯಬೇಡಿ, ಎದುರಿನವರ ಬೆನ್ನು ಕೆಳಕ್ಕೆ ಒತ್ತಬೇಡಿ. ತಲೆ ತಿರುಗದಿರಲು ಎದುರಿನವರ ಮುಖ ನೋಡಿ. ಕಣ್ಣಿಗೆ ಕಣ್ಣಿಟ್ಟು ನೋಡಲು ಮುಜುಗರ ಅನಿಸಿದರೆ ಕಿವಿ ನೋಡಿ. ಗೋಡೆ ನೋಡಿದಿರೋ, ಕೆಟ್ಟಿರಿ. ಆದರೂ ತಲೆ ತಿರುಗಿದರೆ ‘ನಿಧಾನ’ ಅಂತ ಬಾಯಿಬಿಟ್ಟು ಹೇಳಿ. ಸುಮ್ಮನೆ ನಡೆದುಕೊಂಡು ಸುತ್ತಿದರೂ ಸ್ವಿಂಗೇ.

ಹಂತ 7: ದಾರಿ ತಪ್ಪಿದಾಗ

ತಪ್ಪುತ್ತೀರಿ. ಆಗ ಮಾಡಬಾರದ್ದು ಒಂದೇ: ಬಿಟ್ಟುಹೋದ ಚಲನೆಯನ್ನು ಓಡಿ ಮುಗಿಸಲು ನೋಡುವುದು. ಹೋದದ್ದು ಹೋಯಿತು. ಮುಂದಿನ ಎಂಟರ ಗಡಿಗೆ ಎಲ್ಲಿರಬೇಕೋ ಅಲ್ಲಿಗೆ ಹೋಗಿ ನಿಲ್ಲಿ. ಗೊತ್ತಿಲ್ಲದಿದ್ದರೆ ನಿಮ್ಮ ಕಡೆ ಚಾಚಿದ ಕೈ ಎಲ್ಲಿದೆ ನೋಡಿ. ಗೊತ್ತಿರುವವರು ಕೈ ಚಾಚಿ, ಕಣ್ಣಲ್ಲೇ ಕರೆದು, ಗದ್ದ ತಿರುಗಿಸಿ ದಾರಿ ತೋರಿಸುತ್ತಿರುತ್ತಾರೆ. ನೆಲ ನೋಡುವವರಿಗೆ ಇದು ಯಾವುದೂ ಕಾಣುವುದಿಲ್ಲ.

‘ಸಾರಿ, ಸಾರಿ’ ಅನ್ನುತ್ತಾ ನಿಲ್ಲಬೇಡಿ. ಕ್ಷಮೆ ಕೇಳುವ ಹೊತ್ತಿನಲ್ಲಿ ಇನ್ನೊಂದು ಚಲನೆ ಹೋಗಿರುತ್ತದೆ. ಸರಪಳಿಯಲ್ಲಿ ಹೆಜ್ಜೆ ತಪ್ಪಿದರೆ ಹೆಜ್ಜೆಗಳನ್ನು ಚಿಕ್ಕದು ಮಾಡಿ, ಸಾಲಿನ ಜೊತೆ ಸುಮ್ನೆ ನಡೆಯಿರಿ. ಪಕ್ಕದವರ ಕೈ ಎಳೆದು ಜಗ್ಗುವುದು, ಅವರ ತೋಳಿಗೆ ಜೋತುಬೀಳುವುದು ಮಾತ್ರ ಬೇಡ. ನಿಮ್ಮ ಕೈ ಭಾರವನ್ನು ನೀವೇ ಹೊತ್ತುಕೊಳ್ಳಿ. ಕೋಲಾಟ, ದಾಂಡಿಯಾದಲ್ಲಿ ಗೊಂದಲವಾದರೆ ಕೋಲನ್ನು ಎದೆಯ ಮುಂದೆ ನೆಟ್ಟಗೆ ಹಿಡಿದು ನಿಂತರೂ ಎದುರಿನವರು ಬಂದು ತಟ್ಟಿ ಮುಂದೆ ಹೋಗುತ್ತಾರೆ. ಬೀಸಿದರೆ ಯಾರದೋ ಬೆರಳು.

ಕೆಲವರು ಕುಣಿಯುತ್ತಲೇ ಪಾಠ ಹೇಳೋಕೆ ಶುರು ಮಾಡುತ್ತಾರೆ. ಅತ್ತ ಕಾಲರ್, ಇತ್ತ ಇವರು. ನಕ್ಕು ತಲೆಯಾಡಿಸಿ ಕಾಲರ್ ಮಾತು ಕೇಳಿ. ನಾಳೆ ನಿಮಗೇ ಸ್ವಲ್ಪ ಬಂದ ಮೇಲೆ ಹೊಸಬರಿಗೆ ಹೀಗೆ ಮಾಡಬೇಡಿ ಅನ್ನುವುದೂ ಇದರಲ್ಲೇ ಬಂತು.

ಹಂತ 8: ಹಳೇ ಕುಣಿತದ ಅಭ್ಯಾಸಗಳು

ಮೊದಲೇ ಒಂದು ಕುಣಿತ ಬಲ್ಲವರಿಗೆ ಕಷ್ಟ ಜಾಸ್ತಿ. ಏನೂ ಬಾರದವರು ಹೇಳಿದ್ದನ್ನು ಮಾಡುತ್ತಾರೆ. ಬಲ್ಲವರ ಮೈ ಮೊದಲೇ ಉತ್ತರ ಕೊಟ್ಟುಬಿಡುತ್ತದೆ.

ಭರತನಾಟ್ಯ ಕಲಿತವರು ಪಾದ ತಟ್ಟಿ ಇಡುತ್ತಾರೆ, ಮಂಡಿ ಬಗ್ಗಿಸುತ್ತಾರೆ. ಇಂಗ್ಲಿಷ್ ಕಂಟ್ರಿ ಡ್ಯಾನ್ಸಿಗೆ ಬೇಕಿರುವುದು ತೇಲುವಂಥ ನಡಿಗೆ. ಗರ್ಬಾ ಚೆನ್ನಾಗಿ ಬರುವವರಿಗೆ ಖಾಲಿ ಜಾಗ ಸಿಕ್ಕಲ್ಲೆಲ್ಲ ಒಂದು ಸುತ್ತು ತಿರುಗುವ ಚಪಲ. ಕಾಂಟ್ರಾದಲ್ಲಿ ಅದನ್ನು ಖುಷಿಯಿಂದಲೇ ಒಪ್ಪುತ್ತಾರೆ, ಸಮಯಕ್ಕೆ ತಲುಪಿದರೆ ಸಾಕು. ಸ್ಕಾಟಿಷ್ ಕಂಟ್ರಿ ಡ್ಯಾನ್ಸಿನಲ್ಲಿ ಸೆಟ್ಟಿನ ಎಲ್ಲರ ಚಲನೆ ಒಂದೇ ಥರ ಕಾಣಬೇಕು ಅನ್ನುವ ಆಸೆ ದೊಡ್ಡದು. 1923ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ಸಂಘವೊಂದು, ಇವತ್ತಿನ ರಾಯಲ್ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಸೊಸೈಟಿ, ಈ ಕುಣಿತದ ಹೆಜ್ಜೆ ಮತ್ತು ಚಲನೆಗಳಿಗೆ ಒಂದು ಕ್ರಮ ಹಾಕಿಕೊಟ್ಟಿತು. ಅದಕ್ಕೇ ಒಂದೂರಲ್ಲಿ ಕಲಿತವರು ಇನ್ನೊಂದು ದೇಶದ ಸೆಟ್ಟಿಗೂ ನೇರವಾಗಿ ಹೋಗಿ ನಿಲ್ಲಬಹುದು. ಅಲ್ಲಿ ನಿಮ್ಮ ಹೆಚ್ಚುವರಿ ಸುತ್ತು ಎದ್ದು ಕಾಣುತ್ತದೆ, ಒಳ್ಳೆಯ ಅರ್ಥದಲ್ಲಲ್ಲ.

ಹಿಡಿತದಲ್ಲೂ ಇದೇ ಕಥೆ. ಕಾಂಟ್ರಾದವರು ಕೈಯಲ್ಲಿ ಭಾರ ಕೊಟ್ಟು ಕೊಟ್ಟು ಅಭ್ಯಾಸವಾದವರು. ಅದನ್ನೇ ಇಂಗ್ಲಿಷ್ ಕಂಟ್ರಿ ಡ್ಯಾನ್ಸಿಗೆ ತಂದರೆ ಎದುರಿನವರಿಗೆ ಯಾರೋ ಹಗ್ಗ ಎಳೆದಂತಾಗುತ್ತದೆ. ಅಲ್ಲಿ ಕೈ ಮೆತ್ತಗೆ, ಕಣ್ಣು ಹೆಚ್ಚು. ಎದುರಿನವರ ಹಿಡಿತ ಎಷ್ಟಿದೆಯೋ ಅಷ್ಟೇ ವಾಪಸ್ಸು ಕೊಡಿ. ಈ ಒಂದು ನಿಯಮ ಎಲ್ಲ ಕುಣಿತಕ್ಕೂ ಹೊಂದುತ್ತದೆ.

‘ನಮ್ಮ ಕುಣಿತದಲ್ಲಿ ಹೀಗಲ್ಲ’ ಅನ್ನುವ ಮಾತನ್ನು ಮೊದಲ ಕೆಲವು ವಾರ ನುಂಗಿಕೊಂಡಿರಿ. ಚಹಾ ಬಿಡುವಿನಲ್ಲಿ ಹೇಳಬಹುದು, ಸೆಟ್ಟಿನಲ್ಲಿ ಬೇಡ.

ಹಂತ 9: ಈಗ ಹೆಜ್ಜೆ

ಜಾಗ, ಸಮಯ, ಕೈ ಇವು ಮೂರೂ ಒಂದು ಹದಕ್ಕೆ ಬಂದ ಮೇಲೆ ಕಾಲಿನ ಕಡೆ ನೋಡಿ. ಸಂಗೀತ ಹಾಕಿಕೊಂಡು ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಒಂದೇ ಹೆಜ್ಜೆಗಟ್ಟು ಮಾಡಿ. ಮೊದಲು ನಿಂತಲ್ಲೇ ಮೈಭಾರ ಯಾವಾಗ ಯಾವ ಕಾಲಿಗೆ ಬರುತ್ತದೆ ಅಂತ ತಿಳಿಯಿರಿ, ಆಮೇಲೆ ಸಾಗಿ. ಹೆಚ್ಚಿನ ತಪ್ಪುಗಳ ಮೂಲ ಇದೇ: ಭಾರ ಇರುವ ಕಾಲನ್ನೇ ಎತ್ತಲು ಹೋಗುವುದು. ಗರ್ಬಾದ ಎರಡು ಚಪ್ಪಾಳೆ, ಮೂರು ಚಪ್ಪಾಳೆ ಕಲಿಯುವಾಗಲೂ ಕೈ ಬಿಟ್ಟು ಕಾಲು ಮಾತ್ರ ಮಾಡಿ ನೋಡಿ, ಆಮೇಲೆ ಚಪ್ಪಾಳೆ ಸೇರಿಸಿ. ಗಡಿಬಿಡಿ ಕಡಿಮೆಯಾಗುತ್ತದೆ.

ಮೀನಖಂಡ ಹಿಡಿದುಕೊಳ್ಳುವುದು ಮಾಮೂಲು, ಮುಖ್ಯವಾಗಿ ಬೆರಳ ತುದಿಯ ಮೇಲೆ ನೆಗೆಯುವ ಸ್ಕಾಟಿಷ್ ಹೆಜ್ಜೆಗಳಿಗೆ. ಶುರು ಮಾಡುವ ಮುಂಚೆ ಕಾಲು ಬಿಸಿ ಮಾಡಿಕೊಳ್ಳಿ, ಮುಗಿದ ಮೇಲೆ ಗೋಡೆ ಹಿಡಿದು ಎಳೆತ ಕೊಡಿ. ಮಂಡಿಯ ಒಳಗೆ ಚುಚ್ಚಿದಂತಾದರೆ ಅದು ಮಾಮೂಲಲ್ಲ. ಆ ದಿನಕ್ಕೆ ನಿಲ್ಲಿಸಿ.

ಮನೆಗೆ ಬಂದ ರಾತ್ರಿಯೇ ಎರಡು ಸಾಲು ಬರೆದಿಡಿ: ಯಾವ ಕುಣಿತ ಇಷ್ಟವಾಯಿತು, ಯಾವ ಚಲನೆಯಲ್ಲಿ ತಪ್ಪಿತು. ಮುಂದಿನ ಸಲ ಅದನ್ನೇ ಯಾರಿಗಾದರೂ ಕೇಳಿ. ಬಿಡುವಿನಲ್ಲಿ ಒಂದು ಚಲನೆ ತೋರಿಸಿ ಅಂದರೆ ಇಲ್ಲ ಅನ್ನುವ ಹಳೇ ಕುಣಿತಗಾರರು ಬಹಳ ಕಡಿಮೆ.

ಮೊದಲ ಸಂಜೆ ಕಂಡು ಇಡೀ ಕುಣಿತವನ್ನು ಅಳೆಯಬೇಡಿ. ಆ ದಿನದ ಕಾಲರ್, ಆ ದಿನದ ಬ್ಯಾಂಡ್, ಬಂದ ಜನ ಎಲ್ಲ ಸೇರಿ ಅದು ಹಾಗಿತ್ತು. ಅದೇ ಕೂಟಕ್ಕೆ ಇನ್ನೂ ಎರಡು ಮೂರು ಸಲ ಹೋಗಿ. ಅಷ್ಟಾದ ಮೇಲೂ ಆ ಸಂಗೀತ ಕೇಳಿದಾಗ ಕಾಲು ತಾನಾಗಿ ಆಡುತ್ತಿಲ್ಲ ಅಂದರೆ ಬಿಟ್ಟು ಇನ್ನೊಂದು ನೋಡಿ. ಸರಪಳಿ ಒಗ್ಗದವರಿಗೆ ಚೌಕ ಒಗ್ಗುತ್ತದೆ, ಕಾಲರ್ ಕೂಗು ಸಹಿಸದವರಿಗೆ ಫಾರೋದ ಹಾಡು ಹಿಡಿಸಬಹುದು. ಶೂ ಹೇಗೂ ಅದೇ ಸಾಕು.